ಊರ ಗಸ್ತು, ಹೊರಗಿನ ಮಂದಿ

“ನಮ್ಮೂರ ಹುಡುಗ್ರು ರಾತ್ರಿ ಗಸ್ತು ಶುರು ಮಾಡವ್ರೆ, ಮೇಡಮ್ಮ. ಕೈಲಿ ದೊಣ್ಣೆ, ಟಾರ್ಚು. ಬ್ಯಾಡ ಅನ್ಲಾ, ಆಗ್ಲಿ ಅನ್ಲಾ, ನಂಗೇ ಗೊತ್ತಾಯ್ತಾ ಇಲ್ಲ.”

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟಿದ್ದ ಸಂಜೆ ಬಸ್ಸಿನಲ್ಲಿ ಹೀಗೆ ಮಾತು ತೆಗೆದವರು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯರು. ವಯಸ್ಸು ಐವತ್ತು ದಾಟಿದೆ; ಬಾಳೆ, ಅರಿಸಿನ ಬೆಳೆಯುತ್ತಾರೆ. ಪಕ್ಕದ ಸಾಲಿನಲ್ಲಿ ಕೂತಿದ್ದವರು ಅವರ ಜಮೀನಿನ ವ್ಯಾಜ್ಯ ನಡೆಸುತ್ತಿರುವ ವಕೀಲೆ, ವಯಸ್ಸಿನಲ್ಲಿ ಚಿಕ್ಕವರು. ಕೇಸಿಗೆ ಅಂದೂ ತಾರೀಖು ಬಿದ್ದಿತ್ತು. ಅದರ ಮಾತು ಬಸ್ಸು ಊರು ಬಿಡುವುದರೊಳಗೆ ಮುಗಿದಿತ್ತು.

“ಯಾಕೆ ಶುರು ಮಾಡಿದ್ರು, ಮೆಂಬರ್ರೇ?”

“ಎರಡು ತಿಂಗಳಲ್ಲಿ ನಾಕು ಪಂಪ್‌ಸೆಟ್ಟಿನ ಕೇಬಲ್ ಕುಯ್ಕೊಂಡು ಹೋದ್ರು. ಸ್ಟೇಷನ್ನಿಗೆ ಹೋದೊ. ಬರ್ಕೊಂಡ್ರು, ಅಷ್ಟೆ. ಆಮೇಲೆ ವಾಟ್ಸಾಪಿಗೆ ಒಂದು ಆಡಿಯೊ ಬಂತು. ಕಂಬಳಿ ಮಾರೋ ವೇಷದಲ್ಲಿ ಉತ್ತರದ ಕಡೆಯೋರು ಬಂದವ್ರೆ, ಮಕ್ಕಳನ್ನ ಎತ್ಕೊಂಡು ಹೋಯ್ತಾರೆ ಅಂತ. ಅದಾಗಿ ಒಂದು ವಾರಕ್ಕೆ ಬೈಕಲ್ಲಿ ಕಂಬಳಿ ಮೂಟೆ ಕಟ್ಕೊಂಡು ಇಬ್ರು ಬಂದ್ರು ಕನ. ಹುಡುಗ್ರು ಅಡ್ಡ ಹಾಕುದ್ರು. ಆಧಾರ್ ಈಸ್ಕೊಂಡು ಫೋಟೊ ಹೊಡುದ್ರು. ಒಬ್ಬ ಎರಡು ಏಟು ಬುಟ್ಟ.”

“ನೀವೆಲ್ಲಿದ್ರಿ?”

“ಅಲ್ಲೇ ಇದ್ದೆ. ಬುಡ್ರಲಾ ಅಂದೆ. ಕೇಳ್ನಿಲ್ಲ.”

“ಏಟು ತಿಂದವನ ಹೆಸರೇನು?”

ಸದಸ್ಯರು ಮೊಬೈಲು ತೆಗೆದರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ಆಧಾರ್ ಕಾರ್ಡಿನ ಚಿತ್ರ ಇನ್ನೂ ಇತ್ತು. ಕೆಳಗೆ ‘ಹುಷಾರ್’, ‘ಎಲ್ರಿಗೂ ಕಳಿಸಿ’, ಕೋಪದ ಮುಖದ ಗುರುತುಗಳು. ಯಾರೋ ಕಾರ್ಡಿನ ನಂಬರಿನ ಸುತ್ತ ಕೆಂಪು ಗೆರೆ ಎಳೆದಿದ್ದರು. ಸದಸ್ಯರು ಚಿತ್ರವನ್ನು ದೊಡ್ಡದು ಮಾಡಿ, ಇಂಗ್ಲಿಷ್ ಅಕ್ಷರ ಒಂದೊಂದನ್ನೇ ಕೂಡಿಸಿ ಹೆಸರು ಓದಿದರು. ಅಷ್ಟು ದಿನ ಆ ಚಿತ್ರ ಅವರ ಜೇಬಿನಲ್ಲೇ ಇತ್ತು. ಹೆಸರು ಓದಿದ್ದು ಆಗಲೇ ಮೊದಲು.

“ಆ ಆಡಿಯೊ ಹೊಸದಲ್ಲ,” ಎಂದರು ವಕೀಲೆ. “2018ರಲ್ಲಿ ಇಂಥದ್ದೇ ಬಂದಿತ್ತು, ಜೊತೆಗೆ ಒಂದು ವಿಡಿಯೊ. ಬೈಕಲ್ಲಿ ಬಂದ ಇಬ್ಬರು ಬೀದೀಲಿ ಆಡ್ತಿದ್ದ ಮಗೂನ ಎತ್ಕೊಂಡು ಹೋಗ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳ ಬಗ್ಗೆ ಎಚ್ಚರಿಸೋಕೆ ಒಂದು ಸಂಸ್ಥೆ ಮಾಡಿಸಿದ್ದ ಚಿತ್ರ. ಕೊನೇಲಿ ಅದೇ ಬೈಕಿನವರು ಮಗೂನ ವಾಪಸ್ ತಂದು ಬಿಟ್ಟು, ಮಕ್ಕಳ ಮೇಲೆ ನಿಗಾ ಇಡಿ ಅಂತ ಫಲಕ ತೋರಿಸ್ತಾರೆ. ಆ ಕೊನೆ ಭಾಗ ಕತ್ತರಿಸಿ ಯಾರೋ ಹಂಚಿದ್ರು. ಮಕ್ಕಳ ರಕ್ಷಣೆಗೆ ಅಂತ ಮಾಡಿದ ಚಿತ್ರ, ಗಡಿ ದಾಟಿ ಬಂದು ಇಲ್ಲಿ ಜನರನ್ನ ಕೊಲ್ಲಿಸ್ತು.”

ಆ ವರ್ಷ ದೇಶದ ನಾನಾ ರಾಜ್ಯಗಳಲ್ಲಿ ಮಕ್ಕಳ ಕಳ್ಳರೆಂಬ ಗುಮಾನಿಯಿಂದ ಗುಂಪುಗಳ ಕೈಯಲ್ಲಿ ಸತ್ತವರು 20ಕ್ಕೂ ಹೆಚ್ಚು. ಕರ್ನಾಟಕದಲ್ಲಿ ಮೊದಲ ಸಾವು ಆದದ್ದು 2018ರ ಮೇ 23ರಂದು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26ರ ಯುವಕ. ಕೈ ಕಟ್ಟಿ, ಬೀದಿಯಲ್ಲಿ ಎಳೆದಾಡಿ, ಕ್ರಿಕೆಟ್ ಬ್ಯಾಟುಗಳಿಂದ ಹೊಡೆದರು. ಮಾರ್ವಾಡಿ ಸೇಟುಗಳ ದೊಡ್ಡ ಅಂಗಡಿಗಳಿರುವ ಚಿಕ್ಕಪೇಟೆಗೂ ಅವನು ಸತ್ತ ಬೀದಿಗೂ ನಡುವೆ ಹೆಚ್ಚು ದೂರವಿಲ್ಲ. ಅದೇ ರಾಜಸ್ಥಾನದವರು ಅಲ್ಲಿ ತಲೆಮಾರುಗಳಿಂದ ವ್ಯಾಪಾರ ನಡೆಸುತ್ತಿದ್ದಾರೆ, ಅವರನ್ನು ಯಾರೂ ಹೊರಗಿನವರೆಂದು ಹಗ್ಗ ಹಾಕಿ ಕಟ್ಟಲಿಲ್ಲ. ಇವನ ಬಳಿ ಅಂಗಡಿಯಿರಲಿಲ್ಲ. ಆ ಬೀದಿಯಲ್ಲಿ ಇವನ ಗುರುತು ಹೇಳುವವರು ಒಬ್ಬರೂ ಇರಲಿಲ್ಲ.

“ಹಂಗಂದ್ರೆ ಬಡವರ ಮೇಲೇ ಬೀಳ್ತಾರೆ ಅಂತೀರಾ? ಬೀದರ್ ಕಡೆ ಕಾರಲ್ಲಿ ಬಂದೋರ್ನೂ ಹೊಡುದ್ರಲ್ಲ, ಟೀವೀಲಿ ಬಂತು.”

ಸದಸ್ಯರಿಗೆ ನೆನಪಿತ್ತು. 2018ರ ಜುಲೈ 13. ಹೈದರಾಬಾದಿನಿಂದ ಗೆಳೆಯರು ಬೀದರ್ ಜಿಲ್ಲೆಯ ಹಂದಿಕೇರಾ ಕಡೆ ಬಂದಿದ್ದರು, ಅವರಲ್ಲೊಬ್ಬ ಕತಾರಿನವನು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟೇ ನಡೆದದ್ದು. ಜನ ಸೇರಿದರು, ಇವರು ಹೆದರಿ ಕಾರು ಹತ್ತಿದರು, ಅವರ ವಿಡಿಯೊ ಕಾರಿಗಿಂತ ಮೊದಲು ಔರಾದ್ ತಾಲ್ಲೂಕಿನ ಮುರ್ಕಿ ತಲುಪಿತು. ಅಲ್ಲಿ ದಾರಿಗೆ ಅಡ್ಡ ಹಾಕಿದರು, ಕಾರು ಉರುಳಿತು. ಅಡ್ಡ ಬಂದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲೇ ಸತ್ತ. ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

“ನೀವು ಹೇಳೋದು ಸರಿ,” ಎಂದರು ವಕೀಲೆ. “ಗುಂಪು ಎದ್ದ ಮೇಲೆ ಕಾರೂ ಕಾಯಲ್ಲ. ಆದ್ರೆ ಮುರ್ಕಿಯದು ರಾಜ್ಯವೆಲ್ಲ ನೆನಪಿಟ್ಟುಕೊಂಡಿತು. ಕಂಬಳಿ ಮಾರೋನು, ಕ್ವಾರಿ ಕೂಲಿ, ಬುದ್ಧಿ ಸ್ಥಿಮಿತ ಇಲ್ದೆ ಅಲೆಯೋನು ಏಟು ತಿಂದ್ರೆ ಅದು ಸುದ್ದಿಯೇ ಆಗಲ್ಲ. ನಿಮ್ಮೂರಲ್ಲಿ ಎರಡು ಏಟು ಬಿತ್ತು. ಗುಂಡ್ಲುಪೇಟೆ ಸ್ಟೇಷನ್ನಿಗೆ ಗೊತ್ತಾ?”

“ಇಲ್ಲ.”

“ಅವನು ಹೋಗಿ ಹೇಳ್ತಾನಾ?”

“ಎಲ್ಲಿ ಹೇಳ್ತಾನೆ ಬುಡಿ. ಕನ್ನಡ ಬಂದ್ರಲ್ವಾ.”

ಬಸ್ಸು ಬಾಳೆ ತೋಟಗಳ ನಡುವೆ ಸಾಗುತ್ತಿತ್ತು. ಸದಸ್ಯರು ಸುಮ್ಮನೆ ಒಪ್ಪಿಕೊಳ್ಳುವ ಪೈಕಿಯಲ್ಲ. ಸ್ವಲ್ಪ ಹೊತ್ತು ಬಿಟ್ಟು ತಮ್ಮ ಕಡೆಯ ಲೆಕ್ಕ ಮುಂದಿಟ್ಟರು, ಅದರಲ್ಲಿ ತೂಕವಿತ್ತು.

“ಒಂದು ಮಾತು ಕೇಳಿ, ಮೇಡಮ್ಮ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟಿಗೆ ಗೇಟು, ಗೇಟಿಗೆ ಸೆಕ್ಯೂರಿಟಿ, ಒಳಕ್ಕೆ ಹೋಗೋನ ಹೆಸರು ಬರ್ಕೊಳ್ಳೋ ಪುಸ್ತಕ. ಅದನ್ನ ಯಾರೂ ತಪ್ಪು ಅನ್ನಲ್ಲ. ನಮ್ಮ ಹುಡುಗ್ರು ದೊಣ್ಣೆ ಹಿಡುದ್ರೆ ಅದು ಗೂಂಡಾಗಿರಿ. ಕೇಬಲ್ ಹೋದ್ರೆ ಪೋಲೀಸ್ನೋರಿಗೆ ಅದು ಚಿಕ್ಕ ಕಳ್ತನ. ನಂಗೆ? ಬ್ಯಾಸ್ಗೇಲಿ ಒಂದು ವಾರ ನೀರು ನಿಂತ್ರೆ ಗೊನೆ ಬುಟ್ಟಿರೋ ಬಾಳೆ ಬಾಗೋಯ್ತದೆ. ಹೊಸ ಕೇಬಲ್ಲಿಗೆ ಸಾಲ. ಅದನ್ನೂ ಕುಯ್ದ್ರೆ? ನಾವು ಯಾರ್ನ ಕೇಳ್ಬೇಕು?”

ವಕೀಲೆ ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಕೊಡದಿದ್ದದ್ದು ಸರಿಯೇ. ಇಂಥ ಹಿಂಸೆ ಬಡವರ ಕೇರಿಗಳಲ್ಲೇ ಹೆಚ್ಚು ಯಾಕೆ ಎಂಬ ಪ್ರಶ್ನೆಗೆ, ಅಲ್ಲಿಯ ಜನ ಒರಟರು, ಓದಿಲ್ಲದವರು ಎಂಬ ಸುಲಭದ ಉತ್ತರ ಪೇಟೆಯಲ್ಲಿ ಸಿಗುತ್ತದೆ. ಅದು ಸುಳ್ಳು, ಅವಮಾನವೂ ಹೌದು. ಬಡವನ ಮನೆಯ ಕಳವನ್ನು ಠಾಣೆ ಹಗುರವಾಗಿ ತೆಗೆದುಕೊಂಡಾಗ, ದೂರಿಗೆ ಉತ್ತರವೇ ಬಾರದಾಗ, ನಮ್ಮನ್ನು ನಾವೇ ಕಾಯಬೇಕು ಎಂಬ ಮಾತು ಊರಿನಲ್ಲಿ ಹುಟ್ಟುತ್ತದೆ. ದೊಣ್ಣೆ ಬರುವುದು ಅದರ ನಂತರ. ದೊಣ್ಣೆ ಬಂದ ಮೇಲೆ ಕಳ್ಳನೇ ಸಿಗಬೇಕೆಂದಿಲ್ಲ, ಸಿಕ್ಕವನೇ ಸಾಕು.

“ಕಳ್ಳನೇ ಸಿಕ್ಕಿದ ಅಂತಿಟ್ಕೊಳ್ಳಿ,” ಎಂದರು ಸದಸ್ಯರು. “ಹಿಡಿಯೋಕೂ ಹಕ್ಕಿಲ್ವಾ?”

“ಹಿಡಿಯೋಕೆ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ನಿಮ್ಮ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ನಡೆದ್ರೆ ಹಿಡೀಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸ್ಬೇಕು. ಹೊಡೆಯೋಕೆ ಹಕ್ಕು ಯಾರಿಗೂ ಇಲ್ಲ, ಪೊಲೀಸ್ನವರಿಗೂ ಇಲ್ಲ. ಕಂಬಳಿ ಮಾರೋದು ಯಾವ ಅಪರಾಧ? ಅವನ ಆಧಾರ್ ಕೇಳೋಕೆ ನಿಮ್ಮ ಹುಡುಗರಿಗೆ ಅಧಿಕಾರ ಕೊಟ್ಟವರು ಯಾರು?”

ಗಡಿಯಾಚೆ ಕೇರಳದ ಎರಡು ಪ್ರಸಂಗಗಳನ್ನು ವಕೀಲೆ ಹೇಳಿದರು. ಗುಂಡ್ಲುಪೇಟೆಯಿಂದ ಊಟಿ, ಬತ್ತೇರಿ ಎರಡು ದಿಕ್ಕಿಗೂ ದಾರಿ ಇರುವುದರಿಂದ ಆ ಊರುಗಳು ಇಲ್ಲಿಯವರಿಗೆ ದೂರದವಲ್ಲ. ಮಲಪ್ಪುರಂ ಜಿಲ್ಲೆಯ ಕಿಳಿಶ್ಶೇರಿಯಲ್ಲಿ 2023ರ ಮೇ ತಿಂಗಳಲ್ಲಿ ಬಿಹಾರದ ಕೂಲಿಯೊಬ್ಬನನ್ನು ರಾತ್ರಿ ಹೊತ್ತು ಕಳ್ಳನೆಂದು ಹಿಡಿದು, ಕಟ್ಟಿಹಾಕಿ, ತಾಸುಗಟ್ಟಲೆ ಹೊಡೆದು ಕೊಂದರು. ಅದಕ್ಕೂ ಐದು ವರ್ಷ ಮೊದಲು, 2018ರ ಫೆಬ್ರುವರಿ 22ರಂದು, ಅಟ್ಟಪ್ಪಾಡಿಯಲ್ಲಿ ಒಬ್ಬ ಆದಿವಾಸಿ ಯುವಕನನ್ನು ಅಕ್ಕಿ ಕದ್ದನೆಂದು ಕಾಡಿನಿಂದ ಹಿಡಿದು ತಂದರು. ಕೈ ಕಟ್ಟಿ ನಿಲ್ಲಿಸಿ, ಅವನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಪೊಲೀಸ್ ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗ ಅವನು ಸತ್ತ. 2023ರ ಏಪ್ರಿಲ್‌ನಲ್ಲಿ ಮನ್ನಾರ್ಕಾಡಿನ ವಿಶೇಷ ನ್ಯಾಯಾಲಯ 14 ಮಂದಿಯನ್ನು ತಪ್ಪಿತಸ್ಥರೆಂದಿತು.

“ಅಟ್ಟಪ್ಪಾಡಿ ಹುಡುಗ ಎಲ್ಲಿಂದ ವಲಸೆ ಬಂದಿದ್ದ, ಹೇಳಿ? ಆ ಬೆಟ್ಟಕ್ಕೆ ಮೊದಲಿಗರು ಅವರೇ. ಅವನನ್ನ ಹೊಡೆದವರ ಕಡೆಯವರು ಆಮೇಲೆ ಬಂದು ನೆಲೆ ನಿಂತವರು.”

“ನಮ್ಮ ಸೋಲಿಗರ ಥರ,” ಎಂದರು ಸದಸ್ಯರು.

“ಹೌದು. ಅಂದ್ರೆ ಹೊರಗಿನವನು ಅನ್ನೋದು ಎಲ್ಲಿ ಹುಟ್ಟಿದ ಅನ್ನೋದರ ಮೇಲೆ ನಿಂತಿಲ್ಲ. ಅವನ ಪರವಾಗಿ ಮಾತಾಡೋರು ಸುತ್ತ ಯಾರಿದ್ದಾರೆ ಅನ್ನೋದರ ಮೇಲೆ ನಿಂತಿದೆ.”

ತೆರಕಣಾಂಬಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅಲ್ಲಿಯ ಮಾರುಕಟ್ಟೆಯ ತರಕಾರಿ ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತದೆ. ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂವು ಲಾರಿಗಟ್ಟಲೆ ಘಟ್ಟ ಇಳಿಯುತ್ತದೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವುದರಿಂದ ಮದ್ದೂರು ಚೆಕ್‌ಪೋಸ್ಟಿನ ಈಚೆ ಬೇರೆ ಬೇರೆ ರಾಜ್ಯಗಳ ಲಾರಿಯವರು ರಾತ್ರಿ ಕಳೆಯುತ್ತಾರೆ. ಶುಂಠಿಗೆ ಜಮೀನು ಗುತ್ತಿಗೆ ಹಿಡಿಯುವ ಮಲಯಾಳಿಗಳು, ಕ್ವಾರಿಗಳಿಗೆ ಬರುವ ಉತ್ತರದವರು, ತಾಳವಾಡಿಯ ಕಡೆಯಿಂದ ದಿನವೂ ಬಂದು ಹೋಗುವ, ಕನ್ನಡ ಆಡುವ ತಮಿಳುನಾಡಿನವರು. ಅಣ್ಣಾವ್ರ ಗಾಜನೂರು ಇರುವುದೇ ಅತ್ತ, ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಹೊರಗಿನವರನ್ನು ದೂರವಿಟ್ಟು ಒಂದು ದಿನವಾದರೂ ಬಾಳಬಲ್ಲ ಸೀಮೆ ಇದಲ್ಲ.

“ವ್ಯಾಪಾರದೋರು ಬ್ಯಾರೆ ಬುಡಿ,” ಎಂದರು ಸದಸ್ಯರು. “ಕ್ವಾರಿಯೋರ್ದೇ ತಲೆನೋವು. ಊರಾಚೆ ತಗಡಿನ ಶೆಡ್ಡು. ಒಂದ್ಸಲ ಇದ್ದೋರು ಇನ್ನೊಂದ್ಸಲ ಇರಲ್ಲ. ಎಷ್ಟು ಜನ, ಯಾವೂರೋರು, ಯಾರಿಗೂ ಗೊತ್ತಿಲ್ಲ. ಕೂಲೀನೂ ಅಷ್ಟೆ. ನಮ್ಮೋರು ಕೇಳೋದಕ್ಕಿಂತ ಕಮ್ಮಿಗೆ ಒಪ್ಕೊಂಡು ಮಾಡ್ತಾರೆ. ನಮ್ಮ ಹುಡುಗ್ರಿಗೆ ಹೊಟ್ಟೆ ಉರೀದೆ ಇರ್ತದಾ?”

“ಯಾರಿಗೂ ಗೊತ್ತಿಲ್ಲ ಅಂದ್ರಲ್ಲ, ಅದು ತಾನಾಗೇ ಆದದ್ದಲ್ಲ. ಗೊತ್ತಾಗದ ಹಾಗೆ ಇಟ್ಟಿದ್ದಾರೆ. ಮಡಹಳ್ಳಿ ನೆನಪಿದೆಯಾ?”

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅದನ್ನು ಮರೆತವರಿಲ್ಲ. 2022ರ ಮಾರ್ಚ್ 4ರಂದು ಮಡಹಳ್ಳಿಯ ಕಲ್ಲುಕ್ವಾರಿಯಲ್ಲಿ ಗುಡ್ಡ ಜರಿದು ಬಂಡೆಗಳು ಉರುಳಿದವು. ಸತ್ತವರು ಉತ್ತರ ಪ್ರದೇಶದಿಂದ ಬಂದಿದ್ದ ಕಾರ್ಮಿಕರು. ಬಂಡೆಯಡಿ ಎಷ್ಟು ಜನ ಸಿಕ್ಕಿದ್ದಾರೆ ಎಂಬುದಕ್ಕೆ ಮೊದಲ ದಿನದ ಸುದ್ದಿಗಳಲ್ಲಿ ಒಂದೇ ಸಂಖ್ಯೆ ಇರಲಿಲ್ಲ.

“ಅವತ್ತು ನಾನೂ ಅಲ್ಲಿಗೆ ಹೋಗಿದ್ದೆ,” ಎಂದರು ಸದಸ್ಯರು. “ಒಳಗಡೆ ಯಾರ್ಯಾರು ಅವ್ರೆ ಅಂತ ಎಲ್ರೂ ಒಬ್ಬರಿಗೊಬ್ಬರು ಕೇಳ್ತಿದ್ರು. ಹೆಸರಿನ ಪಟ್ಟಿ ಹಿಡ್ಕೊಂಡು ಬಂದೋರ್ನ ನಾನಂತೂ ಕಾಣ್ನಿಲ್ಲ.”

“ಪಟ್ಟಿ ಇಡಬೇಕು ಅಂತ 1979ರಲ್ಲೇ ಕಾನೂನು ಬಂದಿತ್ತು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಬೇರೆ ರಾಜ್ಯದಿಂದ ಐದು ಅಥವಾ ಅದಕ್ಕಿಂತ ಹೆಚ್ಚು ಜನರನ್ನ ಕರೆತರೋ ಗುತ್ತಿಗೆದಾರ ಲೈಸೆನ್ಸ್ ಪಡೀಬೇಕು, ಒಬ್ಬೊಬ್ಬ ಕಾರ್ಮಿಕನಿಗೂ ಫೋಟೊ ಹಚ್ಚಿದ ಪಾಸ್‌ಬುಕ್ ಕೊಡಬೇಕು, ಅದೇ ಕೆಲಸಕ್ಕೆ ಸ್ಥಳೀಯರಿಗೆ ಕೊಡೋ ಕೂಲಿಗಿಂತ ಕಡಿಮೆ ಕೊಡೋ ಹಾಗಿಲ್ಲ, ವಾಸಕ್ಕೆ ಸರಿಯಾದ ಜಾಗ ಕೊಡಬೇಕು. ಈಗ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಕೂಲಿ ಕಮ್ಮಿ ಮಾಡಿದವನು ಬಿಹಾರದ ಹುಡುಗ ಅಲ್ಲ, ಮೆಂಬರ್ರೇ. ಕಮ್ಮಿ ಕೊಟ್ಟವನು ಕಮ್ಮಿ ಮಾಡಿದವನು. ಅವನ ಮನೆ ಮುಂದೆ ನಿಮ್ಮ ಹುಡುಗರ ಗಸ್ತು ಹೋಗುತ್ತಾ?”

ಸದಸ್ಯರು ನಕ್ಕರು, ಆದರೆ ಉತ್ತರ ಹೇಳಲಿಲ್ಲ.

ಈ ಮಾತಿನ ಮೇಲೆ ನಿಲ್ಲಬೇಕು. ಪಟ್ಟಿಯಿಲ್ಲದ ಕಾರ್ಮಿಕ ಗುತ್ತಿಗೆದಾರನಿಗೆ ಅಗ್ಗ: ಪಿಎಫ್ ಇಲ್ಲ, ವಿಮೆಯಿಲ್ಲ, ಸತ್ತರೆ ಪರಿಹಾರದ ತಕರಾರಿಲ್ಲ. ಆ ಅಗ್ಗದ ಬೆಲೆಯನ್ನು ಕಾರ್ಮಿಕ ಇನ್ನೊಂದು ರೀತಿಯಲ್ಲಿ ತೆರುತ್ತಾನೆ. ಊರಿಗೆ ಅವನ ಹೆಸರು ಗೊತ್ತಿಲ್ಲ, ಪಂಚಾಯಿತಿಗೆ ಲೆಕ್ಕ ಗೊತ್ತಿಲ್ಲ, ಬೀಟ್ ಪೊಲೀಸನಿಗೆ ಮುಖ ಗೊತ್ತಿಲ್ಲ. ಹೀಗೆ ಖಾಲಿ ಬಿಟ್ಟ ಜಾಗಕ್ಕೆ ಮೊದಲು ಬಂದು ಕೂರುವುದು ವದಂತಿ. ಹೊಡೆದವರು ಅಪರಾಧಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆತಕ್ಕೆ ಸಿಕ್ಕುವಂತೆ ಅವನನ್ನು ಹೆಸರಿಲ್ಲದೆ ಇಟ್ಟವರು ಲಾಭ ಎಣಿಸಿಕೊಂಡು ಮನೆಯಲ್ಲಿರುತ್ತಾರೆ, ಅವರ ಮೇಲೆ ಯಾವ ಕೇಸೂ ಬೀಳುವುದಿಲ್ಲ.

ಹೆಸರಿಲ್ಲದವನಿಗೆ ಯಾವ ಹೆಸರನ್ನೂ ಅಂಟಿಸಬಹುದು. ವಕೀಲೆ ಹೇಳಿದ ಕರಿಯಮ್ಮನ ಅಗ್ರಹಾರದ ಕತೆ ಅದಕ್ಕೆ ಸಾಕ್ಷಿ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಈ ಜಾಗದ ಶೆಡ್ಡುಗಳಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆ ಎಂಬ ವಿಡಿಯೊ ಹರಿದಾಡಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂದು ಶೆಡ್ಡುಗಳನ್ನು ನೆಲಸಮ ಮಾಡಿತು. ಬೀದಿಗೆ ಬಿದ್ದವರು ತಮ್ಮ ಗುರುತಿನ ಚೀಟಿಗಳನ್ನು ಪತ್ರಕರ್ತರ ಕ್ಯಾಮೆರಾ ಮುಂದೆ ಹಿಡಿದರು. ಅಸ್ಸಾಂ, ತ್ರಿಪುರದವರಿದ್ದರು. ಅವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ, ಮನೆಯಲ್ಲಿ ಕನ್ನಡವನ್ನೇ ಆಡುವ ಕೂಲಿಗಳೂ ಇದ್ದರು. ಪಿಯುಸಿಎಲ್ ಸಂಘಟನೆ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ತೆರವಿಗೆ ತಡೆ ಹಾಕಿತು.

“ಕನ್ನಡದೋರ್ನೇ?”

“ಕನ್ನಡದವರನ್ನೇ. ಯಾರೂ ಮಾತಾಡಿಸಿ ನೋಡ್ಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2008ರ ಮೇ ತಿಂಗಳಲ್ಲಿ ಇದೇ ಆಯ್ತು. ಜೊಹಾನ್ಸ್‌ಬರ್ಗಿನ ಅಲೆಕ್ಸಾಂಡ್ರಾ ಅನ್ನೋ ಬಡವರ ಬಡಾವಣೆಯಲ್ಲಿ ಶುರುವಾಗಿ ದೇಶವೆಲ್ಲ ಹಬ್ಬಿತು. ಜಿಂಬಾಬ್ವೆ, ಮೊಜಾಂಬಿಕ್‌ನಿಂದ ಬಂದು ನಮ್ಮ ಕೆಲಸ ಕಿತ್ಕೊಳ್ತಾರೆ ಅಂತ ಹೊರಗಿನವರನ್ನ ಹುಡುಕಿ ಹುಡುಕಿ ಕೊಂದರು. ಸತ್ತವರು 62. ಅದರಲ್ಲಿ 21 ಜನ ಆ ದೇಶದ್ದೇ ಪ್ರಜೆಗಳು.”

ಸದಸ್ಯರು ಕಿಟಕಿಯ ಕಡೆ ತಿರುಗಿ ಲೆಕ್ಕ ಹಾಕಿದಂತೆ ಕಂಡರು. “ಮೂರಕ್ಕೆ ಒಂದು,” ಎಂದರು.

ಆಮೇಲೆ ಅವರೇ ಮಾತು ಮುಂದುವರಿಸಿದರು. ಇಲ್ಲಿಯವರೆಗೆ ವಕೀಲೆ ದೂರದೂರದ ಉದಾಹರಣೆ ಕೊಟ್ಟರೆ, ಸದಸ್ಯರು ಕೊಟ್ಟದ್ದು ಮನೆ ಬಾಗಿಲಿನದು.

“ವಯನಾಡಲ್ಲಿ ಗುಡ್ಡ ಕುಸೀತಲ್ಲ, 2024ರಲ್ಲಿ, ಜುಲೈ ಕೊನೇಲಿ. ಚೂರಲ್‌ಮಲೆ, ಮುಂಡಕ್ಕೈ. ನಮ್ಮ ಜಿಲ್ಲೆ ಇರಸವಾಡಿ ಕಡೆಯೋರು ಅಲ್ಲಿ ಸತ್ರು. ಎಸ್ಟೇಟಿಗೆ ಅಂತ ಹೋಗಿ ಅಲ್ಲೇ ಬೇರು ಬುಟ್ಟಿದ್ದೋರು. ಮಂಡ್ಯ ಕಡೆಯೋರೂ ಇದ್ರು. ಆಗ ಇಲ್ಲಿಂದ ಜನ ಹೋದೊ. ಅಲ್ಲಿ ಮಲಯಾಳದ ಹುಡುಗ್ರು ಕೆಸರಲ್ಲಿ ನಮ್ಮೋರ್ನೂ ಹುಡುಕ್ತಾ ಇದ್ರು. ನಿಮ್ಮೋರು, ನಮ್ಮೋರು ಅಂತ ಬ್ಯಾರೆ ಮಾಡ್ನಿಲ್ಲ.”

“ಅಲ್ಲಿ ಅವರು ವಲಸೆ ಹೋದವರು.”

“ವಲಸೆ ಹೋದೋರೇ. ನನ್ನ ಚಿಕ್ಕಪ್ಪನ ಮಗ ಕೊಡಗಲ್ಲಿ ಎಸ್ಟೇಟಲ್ಲವನೆ. ನನ್ನ ತಂಗಿ ಮಗಳು ತಿರುಪ್ಪೂರು ಗಾರ್ಮೆಂಟ್ಸು. ತಮಿಳು ಕಲ್ತವಳೆ.”

ಚಾಮರಾಜನಗರ ಜನರನ್ನು ಹೊರಗೆ ಕಳಿಸುವ ಜಿಲ್ಲೆ. ಮಳೆ ಕೈಕೊಟ್ಟ ವರ್ಷ ಕೊಡಗಿನ ಕಾಫಿತೋಟ, ಕೇರಳದ ಶುಂಠಿ ಹೊಲ, ಬೆಂಗಳೂರಿನ ಕಟ್ಟಡ ಕೆಲಸ ಇಲ್ಲಿಯವರ ಹೊಟ್ಟೆ ಹೊರೆದಿವೆ. ಪಕ್ಕದ ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಗಿಡಮೂಲಿಕೆ ಎಣ್ಣೆ ಮಾರಿಕೊಂಡು ಆಫ್ರಿಕಾ ತಲುಪಿದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದರು. ಭಾಷೆ ಬಾರದ ಊರಿನಲ್ಲಿ ಮೂಟೆ ಹೊತ್ತು ಬಾಗಿಲು ಬಾಗಿಲಿಗೆ ಹೋಗುವವರು ಅವರೂ ಹೌದು, ಕಂಬಳಿ ಮಾರುವವನೂ ಹೌದು.

ಹೊರಗಿನವರೆಂದು ನಾವೇ ಓಡಿಸಿದ ಚರಿತ್ರೆಯೂ ಈ ನೆಲಕ್ಕಿದೆ. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗಿದ್ದ ಕಾಲ, 1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ದಾಳಿಗಳಾದವು, ಗುಡಿಸಲುಗಳು ಸುಟ್ಟವು, ಸಾವಿರಾರು ಮಂದಿ ಕಟ್ಟಿದ್ದನ್ನೆಲ್ಲ ಬಿಟ್ಟು ಗಡಿ ದಾಟಿದರು. ಆ ಆದೇಶ ಬರೆದವರಲ್ಲಿ ಒಬ್ಬರೂ ಆ ಗುಡಿಸಲುಗಳಲ್ಲಿ ಇರಲಿಲ್ಲ. 2016ರ ಸೆಪ್ಟೆಂಬರ್ 12ರಂದು ಮತ್ತೆ ಅದೇ: ಚೆನ್ನೈಯಲ್ಲಿ ಕನ್ನಡಿಗರದೆಂದು ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿ, ಇತ್ತ ಬೆಂಗಳೂರಿನಲ್ಲಿ ತಮಿಳುನಾಡಿನ ಕೆಪಿಎನ್ ಸಂಸ್ಥೆಯ ಬಸ್ಸುಗಳಿಗೆ ಬೆಂಕಿ. ನಡುವೆ 2012ರ ಆಗಸ್ಟಿನಲ್ಲಿ ಕೈಯೆತ್ತದೆಯೇ ಓಡಿಸಿದ್ದೂ ಆಯಿತು. ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್ಸು ಹಬ್ಬಿ, ಬೆಂಗಳೂರು ರೈಲು ನಿಲ್ದಾಣದಿಂದ ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಸಾವಿರಾರು ಕಾವಲುಗಾರರು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು ಊರು ಬಿಟ್ಟರು. ದಿನಕ್ಕೆ ಐದು ಎಸ್ಸೆಮ್ಮೆಸ್ಸಿಗಿಂತ ಹೆಚ್ಚು ಕಳಿಸದಂತೆ ಸರ್ಕಾರ ಮಿತಿ ಹಾಕಬೇಕಾಯಿತು.

“ಅಂದ್ರೆ ಕಾನೂನು ಏನೂ ಮಾಡ್ನಿಲ್ವಾ?” ಸದಸ್ಯರು ಕೇಳಿದರು.

“ಮಾಡಿದೆ. ಮುರ್ಕಿಯಲ್ಲಿ ಕೊಲೆ ಆದದ್ದು ಜುಲೈ 13. ನಾಲ್ಕೇ ದಿನಕ್ಕೆ, 17ನೇ ತಾರೀಖು, ಸುಪ್ರೀಂ ಕೋರ್ಟ್ ತೆಹಸೀನ್ ಪೂನಾವಾಲಾ ಕೇಸಲ್ಲಿ ತೀರ್ಪು ಕೊಡ್ತು. ಜಿಲ್ಲೆಗೊಬ್ಬ ಎಸ್‌ಪಿ ದರ್ಜೆಯ ನೋಡಲ್ ಅಧಿಕಾರಿ ಇರ್ಬೇಕು, ಇಂಥ ವದಂತಿ ಎಲ್ಲಿ ಹಬ್ಬುತ್ತೆ ಅಂತ ಮೊದಲೇ ತಿಳ್ಕೋಬೇಕು, ತ್ವರಿತ ನ್ಯಾಯಾಲಯದಲ್ಲಿ ಆರು ತಿಂಗಳೊಳಗೆ ವಿಚಾರಣೆ ಮುಗಿಸೋಕೆ ನೋಡ್ಬೇಕು, ಸಂತ್ರಸ್ತರಿಗೆ ಪರಿಹಾರ ಕೊಡ್ಬೇಕು. ಆಮೇಲೆ 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ. ಅದರ 103(2): ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಜಾಗ ಇಂಥ ಕಾರಣಕ್ಕೆ ಕೊಲೆ ಮಾಡಿದ್ರೆ ಒಬ್ಬೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ. ಕೊಲೆ ಆಗದೆ ಕೈಕಾಲು ಮುರಿದ್ರೂ 117(4)ರಲ್ಲಿ ಏಳು ವರ್ಷದವರೆಗೆ. ನಾನು ಹಿಡ್ಕೊಂಡಿದ್ದೆ ಅಷ್ಟೆ, ಹೊಡೆದವನು ಅವನು ಅನ್ನೋದು ನಡೆಯಲ್ಲ. ನಿಮ್ಮ ಗಸ್ತಿನಲ್ಲಿ ಎಷ್ಟು ಹುಡುಗರು?”

“ಎಂಟೊಂಬತ್ತು.”

“ಓದೋರು ಇದ್ದಾರಾ?”

“ಡಿಗ್ರಿ ಮಾಡೋನು ಒಬ್ಬ ಅವನೆ. ಪೋಲೀಸ್ ಎಕ್ಸಾಮಿಗೆ ಓದ್ತಾ ಇರೋನು ಇನ್ನೊಬ್ಬ.” ಎರಡನೆಯವನ ವಿಷಯ ಹೇಳುವಾಗ ಸದಸ್ಯರ ದನಿ ಇಳಿಯಿತು. ಅವನು ಅವರ ಅಣ್ಣನ ಮಗ.

ಕಾನೂನಿನ ಮಾತು ಇಷ್ಟು ಹೊತ್ತು ಆಡಿದರೂ ವಕೀಲೆಗೆ ಅದರ ಮೇಲೆ ಪೂರ್ತಿ ನೆಚ್ಚಿಕೆ ಇದ್ದಂತಿರಲಿಲ್ಲ. ಕೊಲೆಯಾದ ಮೇಲಿನ ಸೆಕ್ಷನ್ನು ಕೊಲೆಯಾದವನಿಗೆ ಉಪಯೋಗಕ್ಕಿಲ್ಲ ಎಂದರು. ಪಂಚಾಯಿತಿ ಮೊದಲೇ ಮಾಡಬಹುದಾದದ್ದನ್ನು ಮಾತಾಡೋಣ ಎಂದು ಫೈಲಿನಿಂದ ಒಂದು ಹಾಳೆ ತೆಗೆದರು. ಗಸ್ತನ್ನು ಏನು ಮಾಡುವುದೆಂಬ ವಿಷಯದಲ್ಲಿ ಇಬ್ಬರಿಗೂ ಜಗಳವೇ ಆಯಿತು. ನಿಲ್ಲಿಸಿ ಎಂದರು ವಕೀಲೆ. ನಿಲ್ಲಿಸಿದರೆ ಕೇಬಲ್ಲಿಗೆ ಜವಾಬು ಯಾರು ಎಂದರು ಸದಸ್ಯರು. ಕೊನೆಗೆ ದೊಣ್ಣೆ ಇಲ್ಲದೆ, ಬೀಟ್ ಪೊಲೀಸನಿಗೆ ತಿಳಿಸಿ, ಯಾರನ್ನೂ ಮುಟ್ಟದೆ, ಗುಮಾನಿ ಬಂದರೆ 112ಕ್ಕೆ ಫೋನು ಮಾಡುವುದಷ್ಟೇ ಕೆಲಸ ಎಂಬಲ್ಲಿಗೆ ಬಂದು ನಿಂತರು. ವಕೀಲೆಗೆ ಅದೂ ಸಮಾಧಾನವಿರಲಿಲ್ಲ.

“ಆ ಆಧಾರ್ ಫೋಟೊ ಇವತ್ತೇ ತೆಗೆಸಿ. ಅಡ್ಮಿನ್ ಯಾರು?”

“ನಾನೇ.”

“ಹಾಗಾದ್ರೆ ಈಗ್ಲೇ ತೆಗೀರಿ. ಅವನ ನಂಬರ್ ಸಿಗುತ್ತಾ?”

“ಕಂಬಳಿ ಇಳಿಸ್ಕೊಳ್ಳೋ ಅಂಗಡಿ ಗುಂಡ್ಲುಪೇಟೇಲಿ ಅದ. ಅಲ್ಲಿ ಕೇಳುದ್ರೆ ಸಿಕ್ತದೆ.”

“ಕೇಳಿ. ಕಂಪ್ಲೇಂಟ್ ಕೊಡೋದು ಬಿಡೋದು ಅವನ ಇಷ್ಟ, ನೀವು ತಡೀಬೇಡಿ. ಇನ್ನು ಕ್ವಾರಿ. ಶೆಡ್ಡಿನಲ್ಲಿ ಇರೋರ ಪಟ್ಟಿ ಕೊಡಿ ಅಂತ ಪಂಚಾಯಿತಿಯಿಂದ ಗುತ್ತಿಗೆದಾರನಿಗೆ ಪತ್ರ, ಕಾಪಿ ಲೇಬರ್ ಇನ್‌ಸ್ಪೆಕ್ಟರಿಗೆ. ಪಟ್ಟಿ ಅವರನ್ನ ಓಡಿಸೋಕಲ್ಲ ಅಂತ ಅದರಲ್ಲೇ ಬರೀತೀನಿ. ಕೂಲಿ, ವಿಮೆ, ನೀರು, ಕಕ್ಕಸು, ಎಲ್ಲಾ ಕೇಳ್ತೀನಿ. ಮುಂದಿನ ಗ್ರಾಮಸಭೆಗೆ ಅವರ ಮೇಸ್ತ್ರೀನೂ ಬರ್ಲಿ, ಅವರಲ್ಲಿ ಇಬ್ಬರು ಮೂವರೂ ಬರ್ಲಿ.”

ಸದಸ್ಯರು ತಡೆದರು. “ಕ್ವಾರಿಯೋರು ನಮ್ಮ ದೇವಸ್ಥಾನದ ಗೋಪುರಕ್ಕೆ ದುಡ್ಡು ಕೊಟ್ಟವ್ರೆ, ಮೇಡಮ್ಮ. ಅಧ್ಯಕ್ಷರು ಸೈನ್ ಹಾಕಲ್ಲ.”

“ನೀವು ಹಾಕ್ತೀರಾ?”

“ನಾನೊಬ್ನೇ ಹಾಕುದ್ರೆ ನಡೀತದಾ?”

“ಸದಸ್ಯರಾಗಿ ಲೇಬರ್ ಇನ್‌ಸ್ಪೆಕ್ಟರಿಗೆ ನೇರವಾಗಿ ಬರೀಬಹುದು.”

“ಸರಿ, ಬರ್ಕೊಡಿ. ಆದ್ರೆ ಒಂದು ಪತ್ರ ಅಲ್ಲ, ಎರಡು ಬೇಕು. ಇನ್ನೊಂದು ಎಸ್‌ಪಿ ಸಾಹೇಬ್ರಿಗೆ. ನಾಕು ಕೇಬಲ್ ಕಳ್ತನದ ದೂರು ಕೊಟ್ಟಿದ್ದೊ, ಎಫ್‌ಐಆರ್ ಹಾಕವ್ರಾ ಇಲ್ವಾ, ಹಾಕಿದ್ರೆ ನಂಬರ್ ಎಷ್ಟು, ಇಲ್ಲೀಗಂಟ ಯಾರ್ನ ವಿಚಾರಿಸವ್ರೆ ಅಂತ ಕೇಳಿ ಬರೀರಿ. ಅದಕ್ಕೆ ಉತ್ತರ ತಂದು ತೋರುಸ್ಲಿಲ್ಲ ಅಂದ್ರೆ ಆ ಹುಡುಗ್ರು ನನ್ನ ಮಾತು ಕೇಳಲ್ಲ.”

ವಕೀಲೆ ಹಾಳೆಯ ಮಗ್ಗುಲು ತಿರುಗಿಸಿ ದೂರು ಕೊಟ್ಟ ತಾರೀಖುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳತೊಡಗಿದರು. ಮೂರನೆಯದರ ತಾರೀಖು ಸದಸ್ಯರಿಗೆ ನೆನಪಾಗಲಿಲ್ಲ. ಮನೆಗೆ ಫೋನು ಹಚ್ಚಿ, ಹಿಂಬರಹದ ಚೀಟಿ ಹುಡುಕಿ ಹೇಳು ಎಂದು ಮಗನಿಗೆ ಹೇಳಿದರು.